ಮಿತಿಗಳ ಕೈಪಿಡಿ

ಹೊಸಪೇಟೆಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ, ಜಲಾಶಯದ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಎಂದು ಲೆಕ್ಕ ಹಾಕಲಾಗಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ವರ್ಷವರ್ಷವೂ ಹೊಳೆ ಹೊತ್ತು ತಂದ ಹೂಳು ತಳದಲ್ಲಿ ಸೇರುತ್ತ ಬಂದಿತು. 2024ರಲ್ಲಿ ಬಳಕೆಯಲ್ಲಿದ್ದ ಲೆಕ್ಕ 105.788 ಟಿ.ಎಂ.ಸಿ. ಮಾತ್ರ. ಅಣೆಕಟ್ಟಿನ ಎತ್ತರ ತಗ್ಗಿಲ್ಲ. ಪೂರ್ಣ ಮಟ್ಟ 1633 ಅಡಿ ಎಂಬ ಬರಹವೂ ಬದಲಾಗಿಲ್ಲ. ಬದಲಾದುದು ಆ ಮಟ್ಟದ ಅರ್ಥ. ಹಳೆಯ ಪಟ್ಟಿಯನ್ನೇ ನಂಬಿ ಕಂಪ್ಲಿಯ ಬತ್ತದ ಗದ್ದೆಗಳಿಗೆ ನೀರಿನ ಭರವಸೆ ಕೊಟ್ಟರೆ, ಕಾಗದದಲ್ಲಿರುವ ನೀರು ಕಾಲುವೆಗೆ ಬಾರದು. ಆದಕಾರಣ ಜಲಾಶಯವನ್ನು ಆಗಾಗ ಅಳೆದು ಪಟ್ಟಿಯನ್ನು ತಿದ್ದುತ್ತಾರೆ.

ಗಣಕಯಂತ್ರಕ್ಕೂ ಇಂತಹ ಪಟ್ಟಿಗಳುಂಟು, ಅವಕ್ಕೂ ತಿದ್ದುಪಡಿ ಬೇಕು. ಗಣಕದೊಳಗೆ ಏಕಕಾಲದಲ್ಲಿ ಹಲವು ಕ್ರಮವಿಧಿಗಳು ನಡೆಯುತ್ತಿರುತ್ತವೆ. ನಡೆಯುತ್ತಿರುವ ಕ್ರಮವಿಧಿಗೆ ಪ್ರೊಸೆಸ್ ಎಂದು ಹೆಸರು. ಕಡತವನ್ನು ತೆರೆಯಲು, ಇನ್ನೊಂದು ಪ್ರೊಸೆಸನ್ನು ಹುಟ್ಟಿಸಲು ಅದಕ್ಕೆ ಸ್ವತಂತ್ರ ಅಧಿಕಾರವಿಲ್ಲ. ಹಂಪಿಯ ಅವಶೇಷಗಳ ನಡುವೆ ಇಂದಿಗೂ ಹರಿಯುವ ತುರ್ತು ಕಾಲುವೆಯ ಅಂಚಿನ ರೈತ ತೂಬನ್ನು ತಾನೇ ಎತ್ತದೆ ನೀರುಗಂಟಿಯನ್ನು ಕೇಳುವಂತೆ, ಪ್ರೊಸೆಸ್ ಆಪರೇಟಿಂಗ್ ಸಿಸ್ಟಂ ಎಂಬ ಮೇಲ್ವಿಚಾರಕನನ್ನು ಕೇಳಬೇಕು. ಈ ಕೋರಿಕೆಯೇ ಸಿಸ್ಟಂ ಕರೆ. ಒಬ್ಬನೇ ಎಲ್ಲವನ್ನೂ ಕಬಳಿಸದಂತೆ ಮೇಲ್ವಿಚಾರಕನು ಮಿತಿಗಳನ್ನು ವಿಧಿಸುತ್ತಾನೆ. ಮಿತಿಗೆ ಎರಡು ಗೆರೆಗಳು: ಮೃದು ಮಿತಿ ಮತ್ತು ಕಠಿಣ ಮಿತಿ. ಪ್ರೊಸೆಸ್ ತನ್ನ ಮೃದು ಮಿತಿಯನ್ನು ಕಠಿಣ ಮಿತಿಯವರೆಗೆ ಏರಿಸಿಕೊಳ್ಳಬಹುದು. ಕಠಿಣ ಮಿತಿಯನ್ನು ಒಮ್ಮೆ ಇಳಿಸಿದರೆ ಸಾಮಾನ್ಯ ಪ್ರೊಸೆಸ್ ಅದನ್ನು ಮತ್ತೆ ಏರಿಸಲಾರದು.

ಈ ಕರೆಗಳನ್ನೆಲ್ಲ ವಿವರಿಸುವ ಗ್ರಂಥವೇ ಕೈಪಿಡಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಗೆ 1971ರ ನವೆಂಬರ್ 3ರ ದಿನಾಂಕವಿದೆ. ಅದರ ಎರಡನೆಯ ಭಾಗ ಸಿಸ್ಟಂ ಕರೆಗಳಿಗೆ ಮೀಸಲು. ಪುಟಗಳಲ್ಲಿ ‘ದೋಷಗಳು’ ಎಂಬ ಶೀರ್ಷಿಕೆಯೂ ಇತ್ತು. ತಮ್ಮ ಕೃತಿಯ ಕುಂದನ್ನು ತಾವೇ ಅಚ್ಚು ಹಾಕಿಸುವ ಸಜ್ಜನಿಕೆ ಎಲ್ಲ ಗ್ರಂಥಕರ್ತರಿಗೂ ಇರುವುದಿಲ್ಲ. ಇಂದಿನ ಲಿನಕ್ಸ್ ಕೈಪಿಡಿಯೂ ಅದೇ ವಿಭಾಗಕ್ರಮವನ್ನು ಅನುಸರಿಸುತ್ತದೆ. 2004ರಿಂದ ಹಲವು ವರ್ಷ ಮೈಕೆಲ್ ಕೆರಿಸ್ಕ್ ಅದರ ಪಾಲಕರಾಗಿದ್ದರು. ಬಳಿಕ ಅಲೆಹಾಂದ್ರೊ ಕೊಲೊಮಾರ್ ಆ ಹೊಣೆ ಹೊತ್ತರು.

ಮಿತಿಯ ವಿವರಣೆಯಲ್ಲಿ ಒಂದು ಪದ ಜಾರಿದರೂ ಅನರ್ಥ ಸಂಭವಿಸುತ್ತದೆ. ತೆರೆದ ಕಡತಗಳ ಮಿತಿ 1024 ಎಂದಿದ್ದರೆ, ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ದೊರೆಯುವ ಕೊನೆಯ ಸಂಖ್ಯೆ 1023. ಇದು ಸಣ್ಣ ವಿಷಯ. ಪ್ರೊಸೆಸ್‌ಗಳ ಸಂಖ್ಯೆಯ ಮಿತಿಯದು ಹಾಗಲ್ಲ. ಇದು ಒಂದು ಪ್ರೊಸೆಸ್ ಎಷ್ಟು ಮರಿಗಳನ್ನು ಹುಟ್ಟಿಸಬಹುದೆಂಬ ಲೆಕ್ಕವೆಂದು ಓದುಗನು ಭಾವಿಸುವುದು ಸಹಜ. ವಾಸ್ತವವಾಗಿ ಲಿನಕ್ಸ್ ಎಣಿಸುವುದು ಆ ಬಳಕೆದಾರನ ಹೆಸರಿನಲ್ಲಿರುವ ಎಲ್ಲ ಪ್ರೊಸೆಸ್‌ಗಳನ್ನು, ಅವುಗಳೊಳಗಿನ ಥ್ರೆಡ್ ಎಂಬ ಎಳೆಗಳನ್ನೂ ಸೇರಿಸಿ. ತಪ್ಪಾಗಿ ತಿಳಿದವನ ಕ್ರಮವಿಧಿ ಪರೀಕ್ಷೆಯ ದಿನ ಸುಗಮವಾಗಿ ನಡೆದು, ಕೆಲಸ ಹೆಚ್ಚಿದ ದಿನ ಆಸ್ಪತ್ರೆಯ ಅಥವಾ ರೈಲ್ವೆಯ ಗಣಕದಲ್ಲಿ ನಿಂತುಹೋಗಬಹುದು. ಆಗ ದೊರೆಯುವ ದೋಷಸೂಚನೆಯೂ ಒಂದೇ ಕಾರಣವನ್ನು ಹೇಳುವುದಿಲ್ಲ. ಬಳಕೆದಾರನ ಮಿತಿ, ಇಡೀ ಯಂತ್ರದ ಮಿತಿ, ಪ್ರೊಸೆಸ್‌ಗಳ ಗುಂಪಿಗೆ ವಿಧಿಸಿದ ಮಿತಿ, ಇವುಗಳಲ್ಲಿ ಯಾವುದು ತುಂಬಿದರೂ ಉತ್ತರ ಒಂದೇ. ಗುಂಪಿನ ಮಿತಿ ಲಿನಕ್ಸಿಗೆ ಬಂದದ್ದು 2015ರಲ್ಲಿ. ಅದನ್ನು ಕಾರಣಗಳ ಪಟ್ಟಿಗೆ ಸೇರಿಸದೆ ಹಳೆಯ ಪುಟ ಪೂರ್ಣವಾಗುತ್ತಿರಲಿಲ್ಲ.

ಇಂತಹ ತಿದ್ದುಪಡಿಯನ್ನು ಊಹೆಯಿಂದ ಮಾಡಲಾಗದು. ಆಪರೇಟಿಂಗ್ ಸಿಸ್ಟಂನ ಮೂಲ ಬರಹವನ್ನು ಓದಬೇಕು. ಚಿಕ್ಕದೊಂದು ಕ್ರಮವಿಧಿ ಬರೆದು ಮಿತಿಯನ್ನು ಬೇಕೆಂದೇ ಮೀರಿ, ಏನಾಗುವುದೆಂದು ನೋಡಬೇಕು. ಆಮೇಲೆ ಬರೆಯಬೇಕು.

ಹೀಗೆ ಪರೀಕ್ಷಿಸಿದಾಗ ವಿಚಿತ್ರ ಸಂಗತಿಗಳೂ ಹೊರಬೀಳುತ್ತವೆ. ಪ್ರೊಸೆಸ್ ನಿಜವಾಗಿ ಆಕ್ರಮಿಸಿರುವ ಸ್ಮೃತಿಗೆ ಒಂದು ಮಿತಿಯುಂಟು. ಲಿನಕ್ಸಿನ 2.4 ಶ್ರೇಣಿಯ ಕೆಲವು ಆವೃತ್ತಿಗಳಲ್ಲಿ ಮಾತ್ರ ಅದಕ್ಕೆ ಪರಿಣಾಮವಿತ್ತು. ಇಂದು ಅದನ್ನು ವಿಧಿಸಿದರೆ ಕರೆ ಸಫಲವಾಯಿತೆಂಬ ಉತ್ತರ ಬರುತ್ತದೆ, ಆದರೆ ಏನೂ ಆಗುವುದಿಲ್ಲ. ಹೂಳಿನಲ್ಲಿ ಹುದುಗಿದ ತೂಬಿನ ಹಿಡಿಯನ್ನು ತಿರುಗಿಸಿದಂತೆ. ಹಳೆಯ ಕ್ರಮವಿಧಿಗಳು ಈಗಲೂ ಆ ಹೆಸರನ್ನು ಬಳಸುವುದರಿಂದ ಕೈಪಿಡಿಯವರು ಆ ಸಾಲನ್ನು ಅಳಿಸಿಲ್ಲ. ಯಾವ ಆವೃತ್ತಿಗಳಲ್ಲಿ ಅದು ಕೆಲಸ ಮಾಡುತ್ತಿತ್ತೆಂಬುದನ್ನು ಪಕ್ಕದಲ್ಲಿಯೇ ಬರೆದಿಟ್ಟಿದ್ದಾರೆ.