ಉದ್ದ ವಾಕ್ಯಕ್ಕೆ ಕನ್ನಡದ ಪ್ರಶ್ನೆಗಳು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಮೊನ್ನೆ ಸಿಕ್ಕ ‘ರೆನ್ ಅಂಡ್ ಮಾರ್ಟಿನ್’ ಇಂಗ್ಲಿಷ್ ವ್ಯಾಕರಣದ ಪ್ರತಿಗೆ ಮುಂದಿನ ರಟ್ಟಿಲ್ಲ, ಮೊದಲ ಕೆಲವು ಹಾಳೆಗಳೂ ಇಲ್ಲ. ಯಾವ ವರ್ಷದ ಮುದ್ರಣ, ಯಾರು ಓದಿದ ಪುಸ್ತಕ, ತಿಳಿಯುವ ದಾರಿಯಿಲ್ಲ. ಆದರೆ ವಾಕ್ಯ ವಿಭಜನೆಯ ಅಧ್ಯಾಯ ತೆರೆದದ್ದೇ ತಡ, ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಅಭ್ಯಾಸಕ್ಕೆ ಕೊಟ್ಟ ಇಂಗ್ಲಿಷ್ ವಾಕ್ಯಗಳ ನೆತ್ತಿಯ ಮೇಲೆ ಯಾರೋ ಪೆನ್ಸಿಲಿನಿಂದ ಸಣ್ಣ ಕನ್ನಡ ಅಕ್ಷರಗಳಲ್ಲಿ ಬರೆದಿದ್ದಾರೆ: ಯಾರು? ಎಂಥವನು? ಏನು ಮಾಡಿದ? ಯಾವಾಗ? ಏತಕ್ಕೆ? ಪುಟ ಪುಟಕ್ಕೂ ಇದೇ. ಒಂದೊಂದು ಪ್ರಶ್ನೆಯ ಕೆಳಗೂ ಅದಕ್ಕೆ ಉತ್ತರವಾಗುವ ಪದಗಳಷ್ಟಕ್ಕೆ ಗೆರೆ. ಪುಸ್ತಕ ಕೇಳುವ ಸಬ್ಜೆಕ್ಟು, ಪ್ರೆಡಿಕೇಟು, ಕ್ಲಾಜುಗಳ ಕೋಷ್ಟಕ ತುಂಬುವ ಮೊದಲು ಆ ವಿದ್ಯಾರ್ಥಿ ವಾಕ್ಯವನ್ನು ತನ್ನ ಭಾಷೆಯಲ್ಲಿ ವಿಚಾರಿಸಿಕೊಂಡಿದ್ದಾನೆ, ಅಥವಾ ವಿಚಾರಿಸಿಕೊಂಡಿದ್ದಾಳೆ.

ಇದರ ಬೆಲೆ ಗೊತ್ತಾಗಬೇಕಾದರೆ ಕನ್ನಡ ಮಾಧ್ಯಮದ ಮಕ್ಕಳು ಉದ್ದ ವಾಕ್ಯದಲ್ಲಿ ಎಲ್ಲಿ ಎಡವುತ್ತಾರೆ ಎಂದು ನೋಡಬೇಕು. ನಾನೇ ಕಟ್ಟಿದ ವಾಕ್ಯವೊಂದು ಹೀಗಿದೆ: ‘ದಿ ಓಲ್ಡ್ ಮ್ಯಾನ್ ಹೂ ಸೋಲ್ಡ್ ಮ್ಯಾಂಗೋಸ್ ನಿಯರ್ ದಿ ಟೆಂಪಲ್ ವೆಂಟ್ ಹೋಮ್ ಬಿಫೋರ್ ದಿ ರೇನ್ ಬಿಗ್ಯಾನ್.’ ಇದರಲ್ಲಿ ಅರ್ಥ ಗೊತ್ತಿಲ್ಲದ ಪದ ಒಂದೂ ಇಲ್ಲ. ಕ್ರಿಯಾಪದಗಳು ಮಾತ್ರ ಮೂರು: ಸೋಲ್ಡ್, ವೆಂಟ್, ಬಿಗ್ಯಾನ್. ಮುಖ್ಯವಾದದ್ದು ಯಾವುದು? ಕನ್ನಡದಲ್ಲಿ ವಾಕ್ಯದ ತೀರ್ಮಾನ ಕೊನೆಯಲ್ಲಿರುತ್ತದೆ. ‘ದೇವಸ್ಥಾನದ ಹತ್ತಿರ ಮಾವಿನಹಣ್ಣು ಮಾರಿದ ಮುದುಕ ಮಳೆ ಶುರುವಾಗುವ ಮೊದಲೇ ಮನೆಗೆ ಹೋದ’ ಎನ್ನುವಾಗ ‘ಹೋದ’ ಬರುವವರೆಗೂ ನಾವು ಕಾಯುತ್ತೇವೆ, ಅಲ್ಲಿ ಮಾತು ಮುಗಿಯುತ್ತದೆ. ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ಓದುವ ಮಗು ಕೊನೆಯ ‘ಬಿಗ್ಯಾನ್’ ಹಿಡಿದುಕೊಂಡು ಮಳೆಯ ಕಥೆ ಹೇಳುತ್ತದೆ. ಮುದುಕ ಮನೆಗೆ ಹೋದದ್ದು ನಡುವೆ ಎಲ್ಲೋ ಕಳೆದುಹೋಗುತ್ತದೆ. ‘ಮಾರಿದ’ ಎಂಬ ಕೃದಂತವನ್ನು ನಾವು ಮುದುಕನ ಮುಂದೆ ಇಡುತ್ತೇವೆ, ಇಂಗ್ಲಿಷಿನವರು ಆ ಇಡೀ ಉಪವಾಕ್ಯವನ್ನು ಅವನ ಬೆನ್ನಿಗೆ ಕಟ್ಟುತ್ತಾರೆ. ‘ಎಂಥ ಮುದುಕ?’ ಎಂದು ಕೇಳಿದ ಕೂಡಲೇ ‘ಹೂ’ದಿಂದ ‘ಟೆಂಪಲ್’ವರೆಗಿನ ಪದಗಳು ಒಂದು ಗುಂಪಾಗಿ ಪಕ್ಕಕ್ಕೆ ಸರಿಯುತ್ತವೆ. ‘ಯಾವಾಗ?’ ಎಂದರೆ ಮಳೆಯೂ ಸರಿಯುತ್ತದೆ. ಉಳಿಯುವುದು ಮುದುಕ ಮತ್ತು ಅವನು ಮಾಡಿದ ಕೆಲಸ.

ಇನ್ನು ಪುಸ್ತಕದ ಕರ್ತೃಗಳ ವಿಷಯ. ಪರ್ಸಿವಲ್ ಕ್ರಿಸ್ಟೋಫರ್ ರೆನ್ 1903ರಲ್ಲಿ ಇಂಡಿಯನ್ ಎಜುಕೇಷನ್ ಸರ್ವಿಸ್ ಸೇರಿ, ಆಗ ಬಾಂಬೆ ಪ್ರಾಂತ್ಯದಲ್ಲಿದ್ದ ಕರಾಚಿಯಲ್ಲಿ ಮುಖ್ಯೋಪಾಧ್ಯಾಯನಾದವನು. 1917ರಲ್ಲಿ ಸೇವೆ ಬಿಟ್ಟ. ಎಚ್. ಮಾರ್ಟಿನ್ ಜೊತೆಗಿನ ಹೈಸ್ಕೂಲ್ ವ್ಯಾಕರಣ ಬಂದದ್ದು 1930ರ ದಶಕದಲ್ಲಿ. ನಮ್ಮ ತಲೆಮಾರು ಓದಿದ್ದು ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದ ರೂಪ.

ಆದರೆ ಹೊರಗಿನ ಜಗತ್ತಿಗೆ ರೆನ್ ಗೊತ್ತಿರುವುದು ವ್ಯಾಕರಣದಿಂದಲ್ಲ. 1924ರಲ್ಲಿ ಅವನು ಬರೆದ ‘ಬೋ ಜೆಸ್ಟ್’ ಕಾದಂಬರಿ ಹಾಲಿವುಡ್‌ಗೂ ಹೋಯಿತು. 1926ರ ಮೂಕಿ ಚಿತ್ರದಲ್ಲಿ ರೊನಾಲ್ಡ್ ಕೋಲ್ಮನ್, 1939ರ ಚಿತ್ರದಲ್ಲಿ ಗ್ಯಾರಿ ಕೂಪರ್ ನಾಯಕರು. ಕದ್ದ ನೀಲಮಣಿಯೊಂದರ ಕಳಂಕ ಹೊತ್ತು ಮೂವರು ಅಣ್ಣತಮ್ಮಂದಿರು ಫ್ರೆಂಚ್ ಫಾರಿನ್ ಲೀಜನ್ ಸೇರುತ್ತಾರೆ. ಸಹಾರಾ ಮರುಭೂಮಿಯ ಕೋಟೆಗೆ ನೆರವಿನ ಪಡೆ ಬರುವ ಹೊತ್ತಿಗೆ ಗೋಡೆಯ ಕಿಂಡಿಕಿಂಡಿಯಲ್ಲೂ ಬಂದೂಕು ಹಿಡಿದ ಸೈನಿಕರು ನಿಂತಿದ್ದಾರೆ, ಕೂಗಿದರೆ ಒಬ್ಬರೂ ಓಗೊಡುವುದಿಲ್ಲ. ನಿಂತವರೆಲ್ಲ ಹೆಣಗಳು. ಕಾವಲು ತುಂಬಿದೆ ಎಂದು ಶತ್ರು ನಂಬಲೆಂದು ಸತ್ತವರನ್ನೇ ಎತ್ತಿ ನಿಲ್ಲಿಸಲಾಗಿದೆ. ರೆನ್ ಸ್ವತಃ ಲೀಜನ್‌ನಲ್ಲಿದ್ದನೆಂದು ಹೇಳಿಕೊಳ್ಳುತ್ತಿದ್ದ, ಅದಕ್ಕೆ ದಾಖಲೆಯ ಆಧಾರ ಮಾತ್ರ ಸಿಕ್ಕಿಲ್ಲ. ವ್ಯಾಕರಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಗೊತ್ತಿದ್ದೂ ಇಷ್ಟು ಬರೆಯುತ್ತಿದ್ದೇನೆ. ನಾಮಪದ, ಸರ್ವನಾಮಗಳ ಪಟ್ಟಿ ಮಾಡಿದ ಕೈಯೇ ಆ ಕೋಟೆಯನ್ನೂ ಕಟ್ಟಿತು ಎಂಬುದು ನನಗೆ ಇಂದಿಗೂ ಸೋಜಿಗ.

ರೆನ್ ಇದ್ದ ಅದೇ ಎಜುಕೇಷನ್ ಸರ್ವಿಸ್‌ನ ಮೈಕೆಲ್ ವೆಸ್ಟ್ ಢಾಕಾದಲ್ಲಿದ್ದ. ಶಾಲೆ ಅರ್ಧಕ್ಕೆ ಬಿಡುವ ಬಂಗಾಳಿ ಹುಡುಗನಿಗೆ ಅಷ್ಟುದಿನ ಕಲಿತ ಇಂಗ್ಲಿಷಿನಿಂದ ಏನು ದಕ್ಕಿತು ಎಂದು ಕೇಳಿದವನು ಅವನು. ಅದಕ್ಕೆ ಅವನು ಬಳಸಿದ್ದು ವಿಮೆಯ ಮಾತು, ಸರೆಂಡರ್ ವ್ಯಾಲ್ಯೂ. ಎಲ್‌ಐಸಿ ಪಾಲಿಸಿಯನ್ನು ನಡುವೆ ಬಿಟ್ಟರೆ ಕೈಗೆ ಬರುವ ಹಣ ಅದು. ಹೆಚ್ಚು ಬಳಕೆಯ ಪದಗಳನ್ನು ಮೊದಲು ಕಲಿಸಿದರೆ ಯಾವ ಹಂತದಲ್ಲಿ ಬಿಟ್ಟರೂ ಕೈಯಲ್ಲಿ ಏನಾದರೂ ಉಳಿಯುತ್ತದೆ ಎಂಬುದು ಅವನ ನಿಲುವು. ಅವನು 1953ರಲ್ಲಿ ಪ್ರಕಟಿಸಿದ ಪದಪಟ್ಟಿಯಲ್ಲಿ ಸುಮಾರು 2,000 ಪದಗಳಿವೆ. ಒಂದೊಂದು ಪದದ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಎಂಬ ಲೆಕ್ಕವೂ ಇದೆ. ಸಾಮಾನ್ಯ ಇಂಗ್ಲಿಷ್ ಬರಹದ ಸುಮಾರು ಶೇ 80ರಷ್ಟು ಈ ಪದಗಳೇ. ಅಪರೂಪದ ಪದಗಳನ್ನು ಗುಡ್ಡೆಹಾಕಿ ದಿನಕ್ಕಿಷ್ಟೆಂದು ಉರುಹೊಡೆಸುವ ಕೋಚಿಂಗ್ ಪುಸ್ತಕಗಳನ್ನು ಕಂಡಾಗಲೆಲ್ಲ ವೆಸ್ಟ್ ನೆನಪಾಗುತ್ತಾನೆ.

ವ್ಯಾಕರಣವನ್ನೇ ಬಿಟ್ಟು ಕಲಿಸಿ ನೋಡಿದವರೂ ನಮ್ಮಲ್ಲಿದ್ದಾರೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾ ಶಿಕ್ಷಕರ ನಡುವೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸುವುದು. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬ ನಂಬಿಕೆ. 1987ರ ಅವರ ಪುಸ್ತಕದಲ್ಲಿ ಎಲ್ಲ ವಿವರವಿದೆ. ಪ್ರಭು ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ದಾರಿಗೆ ತರಗತಿಯ ತುಂಬ ಇಂಗ್ಲಿಷ್ ಆಡಬಲ್ಲ ಮೇಷ್ಟ್ರು ಬೇಕು. ಕನ್ನಡದಲ್ಲಿ ಪ್ರಶ್ನೆ ಕೇಳಿ ವಾಕ್ಯ ಬಿಡಿಸುವುದಕ್ಕೆ ಸೀಮೆಸುಣ್ಣ ಸಾಕು. ಮೇಲಾಗಿ, ಯಾರು ಎಂದರೆ ಕರ್ತೃ, ಏನನ್ನು ಎಂದರೆ ಕರ್ಮ ಎಂದು ಮಕ್ಕಳು ಕನ್ನಡ ವ್ಯಾಕರಣದ ಪೀರಿಯಡ್ಡಿನಲ್ಲಿ ಆಗಲೇ ಕಲಿತಿರುತ್ತಾರೆ. ಪಕ್ಕದ ಪೀರಿಯಡ್ಡಿಗೆ ಆ ತಿಳಿವಳಿಕೆಯನ್ನು ದಾಟಿಸುವವರು ಮಾತ್ರ ಕಡಿಮೆ.

ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ವಿನಂತಿ. ವಾರಕ್ಕೊಂದು ದಿನ ಪಾಠದಿಂದಲೇ ಒಂದು ಉದ್ದ ವಾಕ್ಯ ಎತ್ತಿ ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳು ಅದನ್ನು ಕನ್ನಡದಲ್ಲೇ ಪ್ರಶ್ನಿಸಲಿ. ಹೊಸ ಪದವನ್ನು ಅದಿರುವ ವಾಕ್ಯದ ಸಮೇತ ಬರೆದುಕೊಳ್ಳಲಿ, ಬಿಡಿಯಾಗಿ ಬೇಡ. ಪರೀಕ್ಷೆಗೆ ಬರುವುದಿಲ್ಲ ಎಂಬ ಕಾರಣಕ್ಕೆ ಇದನ್ನು ಕೈಬಿಡಬೇಡಿ.