‘ಮಾಡಬಹುದು’ ಎಂಬ ಮಾತೂ ರಾಯಚೂರಿನ ಕೂಸುಗಳೂ

ನಮ್ಮ ನಾಡಿನ ಕಾಯಿದೆಯ ಕಣ್ಣಿಗೆ ಮಗುವು ಬೀಳುವುದು ಅದಕ್ಕೆ ಆರು ವರ್ಷ ತುಂಬಿದ ಮೇಲೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಾಲೆಯನ್ನು ಹಕ್ಕನ್ನಾಗಿ ಮಾಡಿಕೊಟ್ಟಿತು. ಅದಕ್ಕೂ ಎಳೆಯವರ ವಿಷಯದಲ್ಲಿ, ತನ್ನ 11ನೆಯ ಕಲಮಿನಲ್ಲಿ, ಸರಕಾರವು ಏರ್ಪಾಡು ಮಾಡಬಹುದು ಎಂದಷ್ಟೇ ಹೇಳಿ ಸುಮ್ಮನಾಯಿತು. 2002ರಲ್ಲಿ ತಿದ್ದುಪಡಿಯಾದ ರಾಜ್ಯಾಂಗದ 45ನೆಯ ಅನುಚ್ಛೇದವಾದರೂ ಆರು ವರ್ಷದೊಳಗಿನ ಮಕ್ಕಳ ಪಾಲನೆ ಶಿಕ್ಷಣಗಳಿಗಾಗಿ ಸರಕಾರವು ‘ಪ್ರಯತ್ನಿಸತಕ್ಕದ್ದು’ ಎನ್ನುತ್ತದೆ. ಕಚೇರಿಯ ಕಾಗದಗಳಲ್ಲಿ ಕೈಯಾಡಿಸಿದ ನಮ್ಮ ವಾಚಕರಿಗೆ ‘ಮಾಡಬಹುದು’ ಎಂಬುದಕ್ಕೂ ‘ಮಾಡತಕ್ಕದ್ದು’ ಎಂಬುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲಿನದಕ್ಕೆ ಹಣವಿದ್ದರೆ ಮಂಜೂರಿ. ಎರಡನೆಯದಕ್ಕೆ ಹಣವನ್ನು ಹುಡುಕಿ ತರಲೇಬೇಕು.

ಏನೂ ಆಗಿಲ್ಲವೆಂದು ನಾವು ಹೇಳುವುದಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ 2ರಂದು ದೇಶದಲ್ಲಿ 33 ಕಡೆ ಪ್ರಯೋಗಾರ್ಥವಾಗಿ ಆರಂಭವಾದಾಗ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರವೂ ಆ ಪಟ್ಟಿಯಲ್ಲಿದ್ದಿತು. ಅಂದಿನಿಂದ ಅಂಗನವಾಡಿಯು ಹಳ್ಳಿಹಳ್ಳಿಗೂ ಹಬ್ಬಿದೆ. ನಾಲ್ವತ್ತು ಎಳೆಯ ಮಕ್ಕಳಿರುವ ಯಾವ ವಸತಿಯವರೇ ಆಗಲಿ ಕೇಳಿದರೆ ಮೂರು ತಿಂಗಳೊಳಗೆ ಅಲ್ಲಿ ಅಂಗನವಾಡಿಯನ್ನು ತೆರೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2006ರ ದಶಂಬರದಲ್ಲಿ ಅಪ್ಪಣೆ ಮಾಡಿತು. ನಮ್ಮ ಜಿಲ್ಲೆಯ ಎಷ್ಟು ತಾಂಡಾಗಳವರಿಗೆ, ಎಷ್ಟು ದೊಡ್ಡಿಗಳವರಿಗೆ ಈ ಅಪ್ಪಣೆಯ ಸುದ್ದಿ ಮುಟ್ಟಿದೆಯೆಂಬುದು ಬೇರೆ ಮಾತು.

ಆದರೆ ಕೇಂದ್ರವು ತೆರೆದಿದ್ದ ಮಾತ್ರಕ್ಕೆ ಕೂಸು ಒಳಗೆ ಬರುವುದೇ? ರಾಯಚೂರು ಜಿಲ್ಲೆಯನ್ನು ಬಲ್ಲವರು ಇದಕ್ಕೆ ಕೂಡಲೆ ಹೌದೆನ್ನಲಾರರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮಾನ್ವಿಯ ಗದ್ದೆಗಳಿಗೆ ಬಂದಾಗ ನೆಲ್ಲು ಹಚ್ಚುವ ಹೆಣ್ಣುಮಕ್ಕಳು ಬೆಳಕು ಹರಿಯುವ ಮುಂಚೆ ಬುತ್ತಿ ಕಟ್ಟಿಕೊಂಡು ಟಂಟಂ ಗಾಡಿಯನ್ನು ಏರುತ್ತಾರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿಯೂ ಅದೇ ಕಥೆ. ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ನಸುಕಿನಿಂದ ಒಂಬತ್ತೂವರೆಯವರೆಗೆ, ನಾಲ್ಕರಿಂದ ದೀಪ ಹಚ್ಚುವವರೆಗೆ ಕೂಸನ್ನು ಯಾರು ನೋಡಬೇಕು? ಎಂಟೊಂಬತ್ತು ವರ್ಷದ ಅಕ್ಕ ನೋಡಬೇಕು. ಆಕೆಯು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡಳೆಂದರೆ ಆಕೆಯ ಪಾಟಿಯು ಗೂಟಕ್ಕೆ ಏರಿತೆಂದೇ ತಿಳಿಯಬೇಕು. ಹೀಗೆ ಚಿಕ್ಕದರ ಪಾಲನೆಗೆ ಏರ್ಪಾಡಿಲ್ಲದ್ದರಿಂದ ದೊಡ್ಡದರ ಶಾಲೆಯೂ ಕೆಡುತ್ತದೆ. ಕಾಯಿದೆಯು ಆರು ವರ್ಷದ ಮೇಲಿನವರಿಗೆ ಒಂದು ಕೈಯಿಂದ ಕೊಟ್ಟ ಹಕ್ಕನ್ನು ಅದರ ಕೆಳಗಿನವರ ಬಗೆಗಿನ ಮೌನವೇ ಕಸಿದುಕೊಳ್ಳುತ್ತದೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಹೆಂಗಸರಲ್ಲಿ ನೂರಕ್ಕೆ ನಾಲ್ವತ್ತೊಂಬತ್ತು ಮಂದಿ ಕೂಡ ಅಕ್ಷರಸ್ಥರಿರಲಿಲ್ಲ. ಅದರ ಬೇರನ್ನು ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಕುವವರು ಈ ಕಂಕುಳ ಕೂಸನ್ನೂ ಒಮ್ಮೆ ನೋಡಬೇಕು.

ದೇವದುರ್ಗದ ಪಾಡು ಇನ್ನೂ ಬೇರೆ. ಮಳೆ ಕೈಕೊಟ್ಟ ವರ್ಷ, ಎಷ್ಟೋ ವೇಳೆ ಕೈಕೊಡದ ವರ್ಷವೂ, ಸಂಸಾರಗಳೇ ಗುಳೆ ಎದ್ದು ಬೆಂಗಳೂರು, ಪುಣೆಗಳ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಮಗುವಿನ ಹೆಸರು ಊರಿನ ಅಂಗನವಾಡಿಯ ದಾಖಲೆಯಲ್ಲಿ, ಮಗುವು ಬೆಂಗಳೂರಿನ ಮರಳರಾಶಿಯ ಮೇಲೆ! ಐವತ್ತಕ್ಕೂ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡದ ಸ್ಥಳದಲ್ಲಿ ಅವರ ಮಕ್ಕಳಿಗೆ ಕೋಣೆಯನ್ನು ಒದಗಿಸತಕ್ಕದ್ದೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಮುಗಿಲು ಮುಟ್ಟುವ ಕಟ್ಟಡಗಳು ಎದ್ದವು. ಆ ಕೋಣೆ ಮಾತ್ರ ವಿರಳವಾಗಿಯೇ ಎದ್ದಿತು. ಇನ್ನು ರಾಯಚೂರು ನಗರದಲ್ಲಿ ಹತ್ತಿಯ ಜಿನ್ನುಗಳಲ್ಲಿ, ಅಕ್ಕಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರ ಕೂಸುಗಳ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಲ್ಲ.

ಸರಕಾರಕ್ಕೆ ರಾಯಚೂರಿನ ಕೂಗು ಕೇಳಿಸುವುದೇ ಇಲ್ಲವೆಂದು ನಿರಾಶರಾಗಬೇಕಾಗಿಯೂ ಇಲ್ಲ. 2011ರಲ್ಲಿ ಈ ಜಿಲ್ಲೆಯ ಮಕ್ಕಳು ಅನ್ನವಿಲ್ಲದೆ ಸೊರಗಿದ ವಾರ್ತೆಯು ಹೊರಬಿದ್ದು ರಾಜ್ಯವೆಲ್ಲ ತಲೆ ತಗ್ಗಿಸಿದ ಮೇಲೆ ಉಚ್ಚ ನ್ಯಾಯಾಲಯವು ಕೈಹಾಕಿತು. ಮರುವರ್ಷ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿಯು ವಿಚಾರಣೆ ನಡೆಸಿತು. ಬಸುರಿ ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟವನ್ನು ಕೊಡುವ ಮಾತೃಪೂರ್ಣ ಯೋಜನೆಯನ್ನು 2017ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸುವ ಮುನ್ನ ಪ್ರಯೋಗಿಸಿ ನೋಡಿದ ತಾಲೂಕುಗಳಲ್ಲಿ ಮಾನ್ವಿಯೂ ಒಂದು. ಆದರೆ ಆ ಯೋಜನೆಯೂ ಎಡವಿದ್ದು ಇದೇ ಕಲ್ಲನ್ನು: ಊಟವು ಕೇಂದ್ರದಲ್ಲಿ, ಉಣ್ಣುವವಳು ಹೊಲದಲ್ಲಿ.

ಈ ನಡುವೆ ಎರಡು ಇಲಾಖೆಗಳಿಗೆ ವಾದ ಹತ್ತಿದೆ. ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ತೆರೆಯುವ ನಿರ್ಣಯವು 2024ರಲ್ಲಿ ಹೊರಟಾಗ, ಮಕ್ಕಳೆಲ್ಲ ಅತ್ತ ಹೋದರೆ ತಮ್ಮ ಗತಿಯೇನೆಂದು ಅಂಗನವಾಡಿಯ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಭಯವು ನಿರಾಧಾರವಲ್ಲ. ಕೇಂದ್ರ ಸರಕಾರವು 2018ರಲ್ಲಿ ಅವರ ತಿಂಗಳ ಗೌರವಧನವನ್ನು ಏರಿಸಿ ನಿಲ್ಲಿಸಿದ್ದು 4,500 ರೂಪಾಯಿಗೆ. ಮಿಕ್ಕುದನ್ನು ರಾಜ್ಯವು ಕೂಡಿಸುತ್ತದೆ. ಅವರಿಗೆ ಉಪದಾನವು ಸಲ್ಲತಕ್ಕದ್ದೆಂದು ಹೇಳಿಸಿಕೊಳ್ಳಲು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೇ ಬರಬೇಕಾಯಿತು. ಅವರನ್ನು ಶಿಕ್ಷಕಿಯರೆನ್ನದೆ ಅವರಿಂದ ಶಿಕ್ಷಣವನ್ನು ಬಯಸುವುದು ಯಾವ ನ್ಯಾಯ? ಮೂರು ವರ್ಷದ ಮಗುವಿಗೆ ಅನ್ನವೊಂದು ಇಲಾಖೆಯದು, ಅಕ್ಷರವೊಂದು ಇಲಾಖೆಯದು ಎಂಬ ಭೇದವು ತಿಳಿಯದು. 2025ರ ಆಗಸ್ಟಿನಲ್ಲಿ ಪ್ರೊ. ಸುಖದೇವ ಥೋರಾಟರ ಆಯೋಗವು ಶಾಲೆಗೆ ಮೊದಲಿನ ಎರಡು ವರ್ಷಗಳನ್ನು ಶಿಕ್ಷಣದ ಅಂಗವನ್ನಾಗಿಯೇ ಸೇರಿಸಿ ವರದಿ ಒಪ್ಪಿಸಿದೆ. ಆ ಎರಡು ವರ್ಷಗಳನ್ನು ಅಂಗನವಾಡಿಯಲ್ಲಿಯೇ, ತರಬೇತು ಪಡೆದ ಅದೇ ಕಾರ್ಯಕರ್ತೆಯಿಂದ, ಮನೆಮಾತಿನಲ್ಲಿಯೇ ಕೊಡಿಸುವುದು ಮೇಲೆಂದು ನಮ್ಮ ಅಭಿಮತ.

ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಬಾಲಶಿಕ್ಷಣದ ಕೆಲಸಕ್ಕೆ ಕೈಹಚ್ಚಿದಾಗ, ಮಗುವು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿದ್ದಲ್ಲಿಗೆ ಹೋಗಬೇಕೆಂಬ ಮಾರ್ಗವನ್ನು ಹಿಡಿದರು. ಅಂಗಳದ ಬಾಲವಾಡಿಯು ಹುಟ್ಟಿದ್ದು ಹಾಗೆ. ಇಂದು ನಮ್ಮ ಜಿಲ್ಲೆಯ ಕೂಸಿನ ಅಂಗಳವು ಹೊಲದ ಬದುವು, ಕಟ್ಟಡದ ಬುಡವು. ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಯನ್ನು ತೆರೆಯುವುದಾಗಿ ರಾಜ್ಯ ಸರಕಾರವು 2023ರ ಮುಂಗಡಪತ್ರದಲ್ಲಿ ಸಾರಿದಾಗ ಈ ಮಾರ್ಗವನ್ನು ಒಪ್ಪಿಕೊಂಡಂತೆಯೇ ಆಯಿತು.

ಮತವಿಲ್ಲದ ಈ ಪ್ರಜೆಗಳ ಪರವಾಗಿ ವಿಧಾನಸೌಧದಲ್ಲಿ ಮಾತಾಡತಕ್ಕವರು ಈ ಭಾಗದ ಪ್ರತಿನಿಧಿಗಳು. 371ಜೆ ಅನುಚ್ಛೇದವನ್ನು ಹೋರಾಡಿ ಪಡೆದ ಪ್ರದೇಶವಿದು. ಹಕ್ಕು ಕೇಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಶಿಕ್ಷಣವು ಕೇಂದ್ರ ರಾಜ್ಯಗಳೆರಡರ ಅಧಿಕಾರಕ್ಕೂ ಒಳಪಟ್ಟ ವಿಷಯವಾದ್ದರಿಂದ ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ರಾಜ್ಯವೇ ಒಂದು ಕಾಯಿದೆಯನ್ನು ಮಾಡಲು ಅಡ್ಡಿಯೇನಿದೆ? ನೆಲ್ಲು ಹಚ್ಚುವ, ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಮಾನ್ವಿಯ ಅಂಗನವಾಡಿಗಳನ್ನು ನಸುಕಿನಿಂದ ಕತ್ತಲೆಯವರೆಗೆ ತೆರೆದಿಡಲು ಹೆಚ್ಚಿನ ಒಬ್ಬ ಸಹಾಯಕಿಯನ್ನು ಯಾವಾಗ ಕೊಡುವಿರಿ? ದೇವದುರ್ಗದಿಂದ ಗುಳೆ ಹೋದ ಮಗುವಿನ ಪಾಲಿನ ಊಟವು ಬೆಂಗಳೂರಿನಲ್ಲಿ ಅದಕ್ಕೆ ಸಿಕ್ಕುವಂತೆ ಯಾವ ಇಲಾಖೆಯು ನೋಡಿಕೊಳ್ಳತಕ್ಕದ್ದು? ಮುಂದಿನ ಅಧಿವೇಶನದಲ್ಲಿ ಈ ಮೂರು ಪ್ರಶ್ನೆಗಳನ್ನು ಎತ್ತಿ, ಉತ್ತರವನ್ನು ತಾರೀಖಿನೊಂದಿಗೆ ಪಡೆಯಬೇಕೆಂದು ನಾವು ಪ್ರತಿನಿಧಿಗಳನ್ನು ಕೇಳಿಕೊಳ್ಳುತ್ತೇವೆ.