ಗದ್ದಿಕ ಹಾಡಿದ ಪಿ.ಕೆ. ಕಾಳನ್

ವಯನಾಡಿನಲ್ಲಿ ಹುಟ್ಟುವ ಕಬಿನಿ ನಮ್ಮ ಹೆಗ್ಗಡದೇವನಕೋಟೆಗೆ ಇಳಿಯುವ ಮೊದಲು ಮಾನಂದವಾಡಿ ಬಳಿ ವಳ್ಳಿಯೂರ್‌ಕಾವಿನ ಭಗವತಿ ಗುಡಿಯ ಪಕ್ಕದಲ್ಲಿ ಹರಿಯುತ್ತದೆ. ಮಾರ್ಚ್‌ ತಿಂಗಳಲ್ಲಿ ಅಲ್ಲಿ ದೊಡ್ಡ ಜಾತ್ರೆ. ಹಿಂದೆ ಆ ಜಾತ್ರೆಯಲ್ಲಿ ಮನುಷ್ಯರ ವ್ಯಾಪಾರವೂ ನಡೆಯುತ್ತಿತ್ತು. ‘ನಿಲ್ಪುಪಣಂ’ ಎಂಬ ಮುಂಗಡ ಕೊಟ್ಟು ಜಮೀನ್ದಾರರು ಅಡಿಯ, ಪಣಿಯ ಬುಡಕಟ್ಟುಗಳ ಕುಟುಂಬಗಳನ್ನು ವರ್ಷಪೂರ್ತಿ ಜೀತಕ್ಕೆ ಕರೆದೊಯ್ಯುತ್ತಿದ್ದರು. ಗದ್ದಿಕ ಕಲಾವಿದ ಪಿ.ಕೆ. ಕಾಳನ್ ಬಂದದ್ದು ಈ ಅಡಿಯರಿಂದ. ಕೊಡಗಿನ ಕಾಫಿ ತೋಟಗಳಲ್ಲಿ ನಾವು ಎರವರೆನ್ನುವುದೂ ಇವರ ಬಂಧುಗಳನ್ನೇ. ಅವರು ತಮ್ಮನ್ನು ರಾವುಳರೆಂದು ಹೇಳಿಕೊಳ್ಳುತ್ತಾರೆ.

ಅಡಿಯರಿಗೆ ಗದ್ದಿಕ ಬರಿ ಹಾಡಲ್ಲ, ಚಿಕಿತ್ಸೆ. ಮನೆಯಲ್ಲಿ ಕಾಯಿಲೆ ಬಿದ್ದರೆ, ಬಸುರಿಗೆ ಸುಖಪ್ರಸವ ಬೇಕೆಂದರೆ, ಊರಿಗೆ ಪೀಡೆ ತಗುಲಿದೆ ಎನ್ನಿಸಿದರೆ ಸಮುದಾಯದ ಹಿರಿಯನಾದ ಮೂಪ್ಪನ್‌ಗೆ ಕರೆ ಹೋಗುತ್ತದೆ. ತುಡಿ ಎಂಬ ಚರ್ಮವಾದ್ಯ ಬಾರಿಸುತ್ತ, ಕೊಳಲು ಊದುತ್ತ, ದೇವರುಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಹಾಡುತ್ತಾರೆ. ಜೀತದ ಅಂಗಳದಲ್ಲಿ ಬದುಕಿದ ಈ ವಿದ್ಯೆಯನ್ನು ಹೊರಗಿನ ವೇದಿಕೆಗಳಿಗೆ ಕೊಂಡೊಯ್ದವರು ಕಾಳನ್. ಆಚರಣೆ ವೇದಿಕೆ ಹತ್ತಿದರೆ ಅದರ ಶಕ್ತಿ ಇಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ತನ್ನ ಮಾತನ್ನು ಯಾರೂ ಕೇಳಿಸಿಕೊಳ್ಳದಿದ್ದ ಸಮುದಾಯಕ್ಕೆ ಸಾವಿರ ಜನರ ಎದುರು ತನ್ನ ಭಾಷೆಯಲ್ಲೇ ಹಾಡುವುದು ಇನ್ನೊಂದು ಬಗೆಯ ಚಿಕಿತ್ಸೆ ಎಂದೇ ನಾನು ನಂಬಿದ್ದೇನೆ.

ಕಾಳನ್ ತಿರುನೆಲ್ಲಿ ಪಂಚಾಯಿತಿಯ ಅಧ್ಯಕ್ಷರಾದರು, ಕೇರಳ ಫೋಕ್‌ಲೋರ್ ಅಕಾಡೆಮಿಯ ಅಧ್ಯಕ್ಷರೂ ಆದರು. 2007ರಲ್ಲಿ ತೀರಿಕೊಂಡರು. ಅಕಾಡೆಮಿ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ.

ಕಾಳನ್ ವೇದಿಕೆಗೆ ಒಯ್ದಂಥ ದನಿ ಮುಂದೆ ಬಾನುಲಿಗೂ ಬಂತು. 2009ರಲ್ಲಿ ಮಾನಂದವಾಡಿ ಸಮೀಪದ ದ್ವಾರಕದಲ್ಲಿ ವಯನಾಡ್ ಸೋಷಿಯಲ್ ಸರ್ವಿಸ್ ಸೊಸೈಟಿ ‘ರೇಡಿಯೊ ಮಾಟ್ಟೊಲಿ’ ಎಂಬ ಸಮುದಾಯ ಬಾನುಲಿ ಆರಂಭಿಸಿತು, 90.4 ಎಫ್‌ಎಂನಲ್ಲಿ. ಅದರ ‘ತುಡಿಚ್ಚೇತಂ’ ಕಾರ್ಯಕ್ರಮ ಬುಡಕಟ್ಟುಗಳ ಭಾಷೆಗಳಲ್ಲೇ ಬರುತ್ತದೆ. ಮೈಕಿನ ಮುಂದೆ ಕೂರುವವರೂ ಆ ಸಮುದಾಯದವರೇ. ನಾಡಿನ ಬಾನುಲಿಗಳಲ್ಲಿ ಜನಪದ ಗಾಯಕರು ಬಹಳ ಹಿಂದಿನಿಂದ ಹಾಡಿದ್ದಾರೆ. ಆದರೆ ಯಾವ ಹಾಡು ಬೇಕು, ಎಷ್ಟು ನಿಮಿಷ ಬೇಕು ಎಂದು ತೀರ್ಮಾನಿಸುವವರು ಬೇರೆಯವರಾಗಿದ್ದರು. ಹಾಡುವವರ ಕೈಗೇ ಮೈಕು ಬಂದದ್ದು ಇಲ್ಲಿಯ ದೊಡ್ಡ ಬದಲಾವಣೆ.

ಕಬಿನಿಯ ಕೆಳಹರಿವಿನಲ್ಲಿ ನಮ್ಮ ಸರಗೂರಿನಲ್ಲೂ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ‘ಜನಧ್ವನಿ’ ಬಾನುಲಿ ಇದೆ. ಅದರ ಸುತ್ತಲಿನ ಹಾಡಿಗಳ ಜೇನುಕುರುಬರಿಗೆ ವಯನಾಡಿನ ಕಾಟ್ಟುನಾಯ್ಕರು ನೆಂಟರು, ಎರವರಿಗೆ ಅಡಿಯರು ನೆಂಟರು. ಎರಡೂ ಕೇಂದ್ರಗಳು ಹಿರಿಯರ ಹಾಡುಗಳನ್ನು ಧ್ವನಿಮುದ್ರಿಸಿ ಅದಲುಬದಲು ಮಾಡಿಕೊಳ್ಳಲಿ. ಕಾಳನ್ ತಲೆಮಾರಿನ ಮೂಪ್ಪನ್‌ಗಳು ಇನ್ನು ಹೆಚ್ಚು ಜನ ಉಳಿದಿಲ್ಲ.